ವಾರಸುದಾರನಿಲ್ಲದ ದೊರೆ ಬಂಗಲೆ

ಗಂಗಾವತಿ ಬಳಿಯ ಶ್ರೀರಾಮನಗರದಿಂದ ಕಾರಟಗಿ, ಸಿಂಧನೂರು, ಮಸ್ಕಿ, ಲಿಂಗಸುಗೂರು ದಾಟಿ, ತಿಂಥಣಿ ಸೇತುವೆ ಮೇಲೆ ಕೃಷ್ಣೆಯನ್ನು ಹಾದರೆ ಸುರಪುರ. ಅಲ್ಲಿ ಗುಡ್ಡದ ಮೇಲೊಂದು ಬಂಗಲೆ ಇದೆ. ಊರವರ ಬಾಯಲ್ಲಿ ಅದು ‘ಟೇಲರ್ ಮಂಜಿಲ್’. ಇಂಗ್ಲೆಂಡಿನ ಹಳ್ಳಿಗಾಡಿನ ಜಮೀನ್ದಾರಿ ಮಹಲುಗಳನ್ನು ಸಿನಿಮಾದಲ್ಲಷ್ಟೇ ಕಂಡವರಿಗೆ, ಆ ಮಹಲುಗಳ ದೂರದ ನೆಂಟನೊಬ್ಬ ನಮ್ಮ ಸೀಮೆಯಲ್ಲಿ ಸಿಗುವುದಿದ್ದರೆ ಇಲ್ಲೇ.

ಗಂಗಾವತಿ, ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಕಡೆ ಅಂಥ ಮನೆಗಳು ಯಾಕಿಲ್ಲ ಎಂಬುದಕ್ಕೆ ಉತ್ತರ ಸರಳ. ಇದು ಹೈದರಾಬಾದ್ ನಿಜಾಮರ ಸೀಮೆಯಾಗಿತ್ತು. ಕೊಪ್ಪಳ, ಯಲಬುರ್ಗಾಗಳಂತೂ ಅವರ ದಿವಾನರಾಗಿದ್ದ ಸಾಲಾರ್ ಜಂಗ್ ಮನೆತನದ ಜಹಗೀರು. ಇಲ್ಲಿ ಕಾಫಿ ತೋಟವಿಲ್ಲ, ತಂಪು ಹವೆಯೂ ಇಲ್ಲ. ಬಿಸಿಲಿಗೆ ಹೆದರುವ ಬ್ರಿಟಿಷ್ ದೊರೆಗಳು ಈ ಕಡೆ ಮನೆ ಹೂಡಲಿಲ್ಲ.

ಇಂಗ್ಲೆಂಡಿನಲ್ಲಿ ಈ ಮಹಲುಗಳಿಗೆ ದೊಡ್ಡ ದಾರಿ ತೆರೆದದ್ದು ದೊರೆ ಎಂಟನೇ ಹೆನ್ರಿ. 1536ರಿಂದ 1540ರೊಳಗೆ ಆತ ಕ್ರೈಸ್ತ ಮಠಗಳನ್ನು ಮುಚ್ಚಿಸಿ ಅವುಗಳ ಭೂಮಿಯನ್ನು ವಶಪಡಿಸಿಕೊಂಡ. ಅದರಲ್ಲಿ ಬಹುಪಾಲು ಆಮೇಲೆ ಮಾರಾಟವಾಯಿತು. ಕೊಂಡವರು ಹೊಸ ಶ್ರೀಮಂತರು. ಭೂಮಿಯ ಗೇಣಿಯಿಂದ ಬಂದ ದುಡ್ಡನ್ನು ಗೋಡೆ, ಗಾಜುಗಳಿಗೆ ಸುರಿದರು. 1590ರ ದಶಕದಲ್ಲಿ ಎದ್ದ ಹಾರ್ಡ್‌ವಿಕ್ ಹಾಲ್‌ನಲ್ಲಿ ಗೋಡೆಗಿಂತ ಕಿಟಕಿಯೇ ಕಣ್ಣಿಗೆ ಬೀಳುತ್ತದೆ. ಗಾಜು ದುಬಾರಿಯಾಗಿದ್ದ ಕಾಲದಲ್ಲಿ ಅದೇ ಸಿರಿತನದ ಜಾಹೀರಾತು. ಹದಿನೆಂಟನೇ ಶತಮಾನಕ್ಕೆ ಇಟಲಿಯ ಪಲ್ಲಾಡಿಯೋ ಶೈಲಿಯ ಹುಚ್ಚು ಹತ್ತಿತು: ಎದುರಿಗೆ ಕಂಬಗಳ ಮುಖಮಂಟಪ, ಎರಡು ಪಕ್ಕಕ್ಕೆ ಸರಿಸಮನಾದ ರೆಕ್ಕೆಗಳು.

ಆ ಮನೆಗಳ ಸುತ್ತ ನನಗೆ ಬಲು ಇಷ್ಟವಾದ ಕುಯುಕ್ತಿ ಒಂದಿದೆ. ಹುಲ್ಲುಗಾವಲಿನ ದನ ಅಂಗಳಕ್ಕೆ ನುಗ್ಗಬಾರದು, ಆದರೆ ಬೇಲಿ ಕಣ್ಣಿಗೆ ಕಾಣಲೂಬಾರದು. ಅದಕ್ಕೆ ಅವರು ಕಂದಕ ತೋಡಿ, ಮನೆಯ ಕಡೆಯ ಮಗ್ಗುಲಿಗೆ ನೆಟ್ಟಗೆ ಕಲ್ಲಿನ ಗೋಡೆ ಕಟ್ಟಿ, ಆಚೆ ಮಗ್ಗುಲನ್ನು ಇಳಿಜಾರು ಬಿಟ್ಟರು. ಗೋಡೆ ನೆಲಮಟ್ಟದಿಂದ ಮೇಲೇಳುವುದೇ ಇಲ್ಲ. ಕಿಟಕಿಯಿಂದ ನೋಡಿದರೆ ಹಸಿರು ಕಡಿಯದೆ ದಿಗಂತದವರೆಗೆ ಹರಿದಂತೆ. ಕಂಡದ್ದೆಲ್ಲ ನನ್ನದೇ ಎಂಬ ಭ್ರಮೆ. ಇದಕ್ಕೆ ‘ಹಾ-ಹಾ’ ಎಂದೇ ಹೆಸರು.

ನಮ್ಮ ಗೌಡರ, ದೇಸಾಯರ ವಾಡೆಗಳದು ಇದಕ್ಕೆ ತೀರ ತಿರುವುಮುರುವು. ಎತ್ತರದ ಬಾಗಿಲು, ದಪ್ಪ ಗೋಡೆ, ಹೊರಗೋಡೆಗೆ ಕಿಟಕಿಯೇ ಅಪರೂಪ. ಒಳಗೆ ಅಂಗಳ, ಅದರ ಸುತ್ತ ಪಡಸಾಲೆ. ಕಂಬ, ಬೋದಿಗೆ, ತೊಲೆ. ಮೇಲೆ ಮಣ್ಣಿನ ಮಾಳಿಗೆ, ಬೆಳಕಿಗೊಂದು ಬೆಳಕಿಂಡಿ. ಜೋಳ ನೆಲದೊಳಗಿನ ಹಗೇವಿನಲ್ಲಿ. ಎರಡೂ ಭೂಮಿಯ ಆದಾಯದ ಮೇಲೆ ನಿಂತ ಮನೆಗಳೇ. ಒಂದು ತನ್ನ ಆಸ್ತಿಯನ್ನು ತೋರಿಸುತ್ತದೆ, ಇನ್ನೊಂದು ಬಚ್ಚಿಡುತ್ತದೆ. ಬರ, ದಂಡು, ದರೋಡೆ ಕಂಡ ನಾಡಿನಲ್ಲಿ ಬಚ್ಚಿಡುವುದೇ ಜಾಣತನವಾಗಿತ್ತು.

ಇನ್ನು ಸುರಪುರದ ಬಂಗಲೆಗೆ ಹೆಸರು ಕೊಟ್ಟ ಟೇಲರ್. ಫಿಲಿಪ್ ಮೆಡೋಸ್ ಟೇಲರ್ ಹುಟ್ಟಿದ್ದು 1808ರಲ್ಲಿ, ಲಿವರ್‌ಪೂಲಿನಲ್ಲಿ. ಹದಿನೈದರ ಹುಡುಗ ವ್ಯಾಪಾರಿಯೊಬ್ಬನಲ್ಲಿ ಕೆಲಸಕ್ಕೆಂದು ಮುಂಬಯಿಗೆ ಬಂದ. ಅಲ್ಲಿ ನಂಬಿಸಿದ್ದೇ ಬೇರೆ, ಇದ್ದದ್ದೇ ಬೇರೆ. ಕೊನೆಗೆ ನಿಜಾಮರ ಸೈನ್ಯ ಸೇರಿದ. 1839ರಲ್ಲಿ ಬಂದ ಆತನ ಠಕ್ಕರ ಕಾದಂಬರಿಗೆ ವಿಕ್ಟೋರಿಯಾ ರಾಣಿಯೇ ಕಾತರದ ಓದುಗಿ. 1841ರಲ್ಲಿ ಸುರಪುರಕ್ಕೆ ಬಂದಾಗ ಉತ್ತರಾಧಿಕಾರಿ ವೆಂಕಟಪ್ಪ ನಾಯಕ ಇನ್ನೂ ಚಿಕ್ಕ ಹುಡುಗ. ಅವನು ಟೇಲರನನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದ. ಹುಡುಗ ಪ್ರಾಯಕ್ಕೆ ಬರುವ 1853ರವರೆಗೆ ಸಂಸ್ಥಾನದ ಆಡಳಿತ ಟೇಲರನ ಉಸ್ತುವಾರಿಯಲ್ಲಿತ್ತು. ಗುಡ್ಡದ ಮೇಲಿನ ಬಂಗಲೆ ಆ ದಿನಗಳದು.

ಜಾಗದ ಆಯ್ಕೆಯಲ್ಲೇ ಇಂಗ್ಲಿಷ್ ಕಣ್ಣು ಕಾಣುತ್ತದೆ. ಊರಿನ ಒತ್ತಿಗಲ್ಲ, ಊರೂ ಬಯಲೂ ಒಟ್ಟಿಗೆ ಕಾಣುವ ಎತ್ತರದಲ್ಲಿ. ಆದರೆ ದಖ್ಖನ್ನಿನ ಬಿಸಿಲು ಇಂಗ್ಲೆಂಡಿನ ನಕ್ಷೆಗೆ ಬಗ್ಗುವುದಿಲ್ಲ. ಆ ಕಾಲದ ಸಾಹೇಬರ ಬಂಗಲೆಗಳಲ್ಲಿ ದಪ್ಪ ಗೋಡೆ, ಗಾರೆ ಗಿಲಾವು, ಬಿಸಿಗಾಳಿ ಮೇಲೇರಲು ಎತ್ತರದ ಛಾವಣಿ, ಗೋಡೆಗೆ ಬಿಸಿಲು ತಾಗದಂತೆ ವರಾಂಡ. ಹೊಗೆ, ಬೆಂಕಿಯ ಭಯಕ್ಕೆ ಅಡುಗೆಮನೆ ಬೇರೆಯೇ. ದೊಡ್ಡ ಕಿಟಕಿಯ ಮೋಹ ಬಿಟ್ಟು, ನೆರಳಿನ ಲೆಕ್ಕ ಕಲಿತ ಮನೆಗಳು ಅವು. ನನ್ನ ಮಟ್ಟಿಗೆ ಪಲ್ಲಾಡಿಯೋ ಕಂಬಗಳಿಗಿಂತ ಈ ವರಾಂಡವೇ ಹೆಚ್ಚು ಬುದ್ಧಿಯದು.

ದೊಡ್ಡ ವ್ಯತ್ಯಾಸ ಇರುವುದು ವಾರಸಿನಲ್ಲಿ. ಇಂಗ್ಲೆಂಡಿನಲ್ಲಿ ಮಹಲೂ ಜಮೀನೂ ರೂಢಿಯಂತೆ ಹಿರಿಯ ಮಗನಿಗೆ. ಪಾಲಾಗದ್ದರಿಂದಲೇ ಶತಮಾನಗಳು ಬಾಳಿದವು. ಇಪ್ಪತ್ತನೇ ಶತಮಾನದಲ್ಲಿ ಮರಣ ತೆರಿಗೆ ಏರಿ, ಆಳುಗಳು ಯುದ್ಧಕ್ಕೂ ಕಾರ್ಖಾನೆಗೂ ಹೋದ ಮೇಲೆ ನೂರಾರು ಮಹಲುಗಳನ್ನು ಕೆಡವಿದರು. ಉಳಿದವುಗಳಲ್ಲಿ ಹಲವು ನ್ಯಾಷನಲ್ ಟ್ರಸ್ಟ್ ಕೈಗೆ ಬಂದು, ಈಗ ಟಿಕೆಟ್ ಕೊಂಡು ನೋಡುವಂತಾಗಿವೆ. ಸುರಪುರದ ಬಂಗಲೆಗೆ ಮೊದಲಿನಿಂದಲೂ ಮಗನಿಲ್ಲ, ಹುದ್ದೆಯೇ ವಾರಸುದಾರ. ಬ್ರಿಟಿಷರ ವಿರುದ್ಧದ 1858ರ ಬಂಡಾಯದಲ್ಲಿ ವೆಂಕಟಪ್ಪ ನಾಯಕ ಸೋತು, ಸೆರೆಯಲ್ಲಿದ್ದಾಗಲೇ ಗುಂಡೇಟಿಗೆ ಬಲಿಯಾದ. ಅಪ್ಪಾ ಎನ್ನಿಸಿಕೊಂಡವನೇ ಆ ವರ್ಷ ಅಧಿಕಾರಿಯಾಗಿ ಇಲ್ಲಿಗೆ ಮರಳಿದ್ದ. 1860ರಲ್ಲಿ ಸುರಪುರ ನಿಜಾಮರಿಗೆ ಹೋಯಿತು. ಸಂಸ್ಥಾನ ಮುಗಿದರೂ ಬಂಗಲೆ ಉಳಿದು, ಸರ್ಕಾರಿ ಅತಿಥಿಗೃಹವಾಯಿತು. ನಮ್ಮಲ್ಲಿ ‘ಐಬಿ’ ಎನ್ನುತ್ತೇವಲ್ಲ, ಅದೇ ಕುಲ.

ಗಂಗಾವತಿಯವರಿಗೆ ಟೇಲರ್ ಪೂರ್ತಿ ಹೊರಗಿನವನೇನೂ ಅಲ್ಲ. ಹಿರೇಬೆಣಕಲ್ ಗುಡ್ಡದ ಕಲ್ಲುಮನೆಗಳ ಬಗ್ಗೆ ಮೊದಲು ಬರೆದವರಲ್ಲಿ ಅವನೂ ಒಬ್ಬ. 1866ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ವಿಜಯಪುರದ ಮತ್ತು ಧಾರವಾಡ–ಮೈಸೂರು ಸೀಮೆಯ ವಾಸ್ತುಶಿಲ್ಪದ ಚಿತ್ರಸಂಪುಟಗಳಿಗೆ ಇತಿಹಾಸ ಬರೆದುಕೊಟ್ಟವನೂ ಅವನೇ.

ಬಂಗಲೆ ನೋಡಲು ಹೋದವರು ಬೋನಾಳ ಕೆರೆಗೂ ಹೋಗಿಬರಬೇಕು. ಇಂಗ್ಲೆಂಡಿನ ಉದ್ಯಾನಕಾರ ‘ಕೇಪಬಿಲಿಟಿ’ ಬ್ರೌನ್ ಶ್ರೀಮಂತರ ಕಿಟಕಿಯೆದುರು ಚಂದಕ್ಕೆಂದು ಕೆರೆ ಮಾಡಿಸುತ್ತಿದ್ದ. ಬೋನಾಳದ್ದು ಸುರಪುರದ ನಾಯಕ ಅರಸರ ಕಾಲದ ಕೆರೆ. ಅದನ್ನು ಟೇಲರ್ ದುರಸ್ತಿ ಮಾಡಿಸಿದ. ಈಗ ಅದು ಪಕ್ಷಿಧಾಮ. ಚಳಿಗಾಲದಲ್ಲಿ ಹೋದರೆ ವಲಸೆ ಹಕ್ಕಿಗಳೂ ಸಿಗುತ್ತವೆ.