ತಂತಿಯಿಲ್ಲದ ಮಿಂಚುದೀಪ: ಕೊಳ್ಳುವ ಮುನ್ನ ಅರಿಯತಕ್ಕ ಸಂಗತಿಗಳು

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದ ಹಿರಿಯರು ಇಂದು ನಮ್ಮೊಡನಿದ್ದರೆ, ‘ಮದುವೆಯ ಚಿತ್ರ ತೆಗೆಸಿ ನೋಡು’ ಎಂಬ ಮಾತನ್ನೂ ಅದಕ್ಕೆ ಸೇರಿಸುತ್ತಿದ್ದರೆಂದು ನಮಗೆ ತೋರುತ್ತದೆ. ಅಡುಗೆ ಕೆಟ್ಟರೆ ಮತ್ತೊಮ್ಮೆ ಮಾಡಬಹುದು. ಉಡುಗೊರೆ ತಪ್ಪಿದರೆ ಮರುದಿನ ಕಳುಹಬಹುದು. ಅಕ್ಷತೆ ಬೀಳುವ ಕ್ಷಣವನ್ನು ಮಾತ್ರ ಮರಳಿ ಕರೆಯುವಂತಿಲ್ಲ. ಆ ಕ್ಷಣವನ್ನು ನಂಬಿ ಒಪ್ಪಿಸುವುದು ಕ್ಯಾಮರಾಕ್ಕೆ, ಅದರ ಜೊತೆಗಿರುವ ಮಿಂಚುದೀಪಕ್ಕೆ, ಅಂದರೆ ಫ್ಲ್ಯಾಶಿಗೆ.

ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲೂಕಿನಲ್ಲಿ, ಕಾಗಿಣಾ ನದಿಯ ದಡದಲ್ಲಿರುವ ದಂಡೋತಿಯ ಒಂದು ಮದುವೆಗೆ ನಾವು ಹೋಗಿದ್ದೆವು. ಈ ಸೀಮೆಯ ಹಳೆಯ ಮನೆಗಳನ್ನು ಕಂಡವರು ಬಲ್ಲರು: ಗೋಡೆ ಕಲ್ಲಿನದು, ನೆಲ ಶಹಾಬಾದಿನ ಹಾಸುಗಲ್ಲಿನದು, ಎಷ್ಟೋ ಕಡೆ ಮಾಡಿಗೂ ಅದೇ ಕಲ್ಲು. ಬೇಸಗೆಯಲ್ಲಿ ತಂಪು ನಿಜ. ಆದರೆ ಒಳಕೋಣೆಗಳಲ್ಲಿ ಹಗಲಿನಲ್ಲಿಯೂ ಮಬ್ಬುಗತ್ತಲೆ. ಅಂತಹ ಕೋಣೆಯಲ್ಲಿ ವಧುವಿನ ಅಜ್ಜಿ ಎದ್ದು ಹೊರಬರಲಾರದೆ ಮಂಚದ ಮೇಲೆ ಕುಳಿತಿದ್ದರು. ಫೊಟೋ ತೆಗೆಯುವ ತರುಣನು ಒಂದು ಫ್ಲ್ಯಾಶನ್ನು ಒಳಗೆ ಗೋಡೆಯ ಮರೆಗೆ ಇರಿಸಿ, ತಾನು ಪಡಸಾಲೆಯಲ್ಲಿ ನಿಂತನು. ವಧೂವರರು ಒಳಹೊಕ್ಕು ಅಜ್ಜಿಯ ಪಾದಕ್ಕೆರಗಿದರು. ಕ್ಯಾಮರಾ ಸದ್ದು ಮಾಡಿತು. ಒಳಗಿನ ದೀಪ ಮಿಂಚಲಿಲ್ಲ. ಚಿತ್ರದಲ್ಲಿ ಬಾಗಿದ ಎರಡು ಬೆನ್ನುಗಳು ಮೂಡಿದವು. ಹರಸಿದ ಮುಖವು ಕತ್ತಲೆಯಲ್ಲಿ ಅಡಗಿಹೋಯಿತು. ಅಜ್ಜಿ ಮುಂದಿನ ಮಳೆಗಾಲವನ್ನು ಕಾಣಲಿಲ್ಲ. ಆ ತರುಣನ ದೀಪ ಬಲಹೀನವಾದುದಲ್ಲ, ಅಗ್ಗದ್ದೂ ಅಲ್ಲ. ಅದಕ್ಕೆ ಯಜಮಾನನ ಕರೆ ತಲುಪಲಿಲ್ಲ, ಅಷ್ಟೆ.

ಕರೆ ಏಕೆ ತಲುಪಲಿಲ್ಲ? ದೂರದ ಫ್ಲ್ಯಾಶನ್ನು ತಂತಿಯಿಲ್ಲದೆ ಕರೆಯುವ ಬಗೆ ಎರಡು. ಒಂದು ಬೆಳಕಿನ ಕರೆ: ಕ್ಯಾಮರಾದ ಮೇಲಿನ ದೀಪ ಮಿನುಗುತ್ತದೆ, ದೂರದ ದೀಪದ ಕಣ್ಣು ಅದನ್ನು ಕಂಡು ತಾನೂ ಮಿಂಚುತ್ತದೆ. ಇದಕ್ಕೆ ಒಂದರ ಬೆಳಕು ಮತ್ತೊಂದಕ್ಕೆ ಕಾಣಲೇಬೇಕು. ನಡುವೆ ಗೋಡೆ ಬಂದರೆ ಕೆಲಸ ಕೆಟ್ಟಿತು. ಬಿಸಿಲು ಪ್ರಖರವಾದರೆ ಕಣ್ಣು ಮಂಕಾಯಿತು. ಸಾದಾ ಬಗೆಯದಾದರೆ ನೆಂಟರ ಕ್ಯಾಮರಾ ಮಿನುಗಿದರೂ ತನ್ನನ್ನೇ ಕರೆದರೆಂದು ಮಿಂಚಿಬಿಡುತ್ತದೆ. ಎರಡನೆಯದು ರೇಡಿಯೋ ಕರೆ. ಈಗಿನ ಬಹುಪಾಲು ಸಲಕರಣೆಗಳು ೨.೪ ಗಿಗಾಹರ್ಟ್ಸ್ ಅಲೆಗಳನ್ನು ಬಳಸುತ್ತವೆ. ಈ ಅಲೆಯ ಉದ್ದ ಸುಮಾರು ಹನ್ನೆರಡೂವರೆ ಸೆಂಟಿಮೀಟರು. ಬಾಗಿಲು, ಪರದೆ, ಜನಸಂದಣಿಗಳ ನಡುವೆಯೂ ಅದು ಸಾಗಬಲ್ಲದು. ದಪ್ಪ ಕಲ್ಲುಗೋಡೆಯಲ್ಲಿ ಅದರ ಬಲ ಕುಂದುತ್ತದೆ. ತಗಡು ಅಡ್ಡಬಂದರೆ ನಿಂತೇಹೋಗುತ್ತದೆ. ನಮ್ಮ ದೇಶದಲ್ಲಿ ಈ ಅಲೆಯ ಕಡಮೆ ಬಲದ ಸಲಕರಣೆಗಳಿಗೆ ೨೦೦೫ರಿಂದ ಲೈಸೆನ್ಸು ಬೇಕಿಲ್ಲ.

ಅಲೆಯಿಂದ ದೂರದ ಕಿಡಿಯನ್ನು ಎಬ್ಬಿಸುವುದು ಹೊಸ ಸೋಜಿಗವೇನೂ ಅಲ್ಲ. ಜಗದೀಶಚಂದ್ರ ಬೋಸರು ೧೮೯೫ರಲ್ಲಿಯೇ ಕಲಕತ್ತೆಯಲ್ಲಿ, ಗೋಡೆಗಳನ್ನು ದಾಟಿದ ಅಲೆಗಳಿಂದ ಗಂಟೆ ಬಾರಿಸಿ, ಮದ್ದನ್ನು ಸಿಡಿಸಿ ತೋರಿಸಿದ್ದರು. ಛಾಯಾಚಿತ್ರಕ್ಕಾಗಿ ಮೆಗ್ನೀಸಿಯಮ್ ಮದ್ದನ್ನು ಸುಡುವ ಪದ್ಧತಿ ಜರ್ಮನಿಯಲ್ಲಿ ೧೮೮೭ರಲ್ಲಿ ಹುಟ್ಟಿತ್ತು. ಆದರೂ ಕ್ಯಾಮರಾದ ನೆತ್ತಿಯ ಮೇಲೆ ಕೂರುವ ಫ್ಲ್ಯಾಶಿನ ಹೊಟ್ಟೆಯೊಳಗೇ ರೇಡಿಯೋ ಸೇರಲು ಬಹುಕಾಲ ಹಿಡಿಯಿತು. ಕ್ಯಾನನ್ ಕಂಪನಿಯವರು ಅಂತಹುದನ್ನು ೨೦೧೨ರಲ್ಲಿಯೂ ನಿಕಾನ್ ಕಂಪನಿಯವರು ೨೦೧೬ರಲ್ಲಿಯೂ ಹೊರತಂದರು. ಬಳಿಕ ಗೋಡಾಕ್ಸ್ ಮೊದಲಾದ ಕಂಪನಿಗಳಿಂದ ಇದು ಸಾಮಾನ್ಯರ ಕೈಗೂ ಎಟುಕಿತು.

ಇನ್ನು ಆರಿಸುವ ಬಗೆ. ಮೊದಲನೆಯದಾಗಿ, ಸಂಸಾರವನ್ನು ಹೂಡುವಂತೆ ಒಂದೇ ಕುಲದ ಸಲಕರಣೆಗಳನ್ನು ಕೊಳ್ಳತಕ್ಕದ್ದು. ಇಂದು ಒಂದು ದೀಪ, ಬರುವ ವರ್ಷ ಮತ್ತೊಂದು. ಹೊಸದು ಹಳೆಯದರ ಭಾಷೆಯನ್ನು ಅರಿಯದಿದ್ದರೆ ಹಣ ವ್ಯರ್ಥ. ಕರೆ ಕಳುಹುವ ಟ್ರಿಗರು ನಿಮ್ಮ ಕ್ಯಾಮರಾಕ್ಕೆಂದೇ ಮಾಡಿದುದಾಗಿರಬೇಕು. ಕ್ಯಾನನ್, ನಿಕಾನ್, ಸೋನಿಗಳ ಮೇಲಿನ ಕೂಡುಮೊಳೆಗಳು ಬೇರೆಬೇರೆ.

ಎರಡನೆಯದಾಗಿ, ಬೆಳಕಿನ ಪ್ರಮಾಣವನ್ನು ಕೈಯಿಂದಲೇ ಗೊತ್ತುಮಾಡುವ ದೀಪ ಸಾಕೇ, ತಾನೇ ಅಳೆದುಕೊಳ್ಳುವ ‘ಟಿ.ಟಿ.ಎಲ್.’ ದೀಪ ಬೇಕೇ ಎಂದು ವಿಚಾರಿಸಿರಿ. ಕುಳಿತವರ ಭಾವಚಿತ್ರಕ್ಕೆ ಮೊದಲನೆಯದು ಸಾಕು, ಬೆಲೆಯೂ ಕಡಮೆ. ಮೆರವಣಿಗೆಯಲ್ಲಿ ಹತ್ತಿರ ದೂರ ಸರಿಯುವವರನ್ನು ಹಿಡಿಯಲು ಎರಡನೆಯದು ಅನುಕೂಲ. ಕಟ್ಟುಬಿಸಿಲಿನಲ್ಲಿ ಚಿತ್ರ ತೆಗೆಯುವವರು ಇನ್ನೊಂದು ಸಂಗತಿಯನ್ನು ಕೇಳಿಕೊಳ್ಳಬೇಕು. ಅನೇಕ ಕ್ಯಾಮರಾಗಳಲ್ಲಿ ಸೆಕೆಂಡಿನ ಇನ್ನೂರನೆಯ ಒಂದು ಭಾಗಕ್ಕಿಂತ ವೇಗ ಹೆಚ್ಚಿದರೆ ಷಟರಿನ ಪರದೆ ಒಮ್ಮೆಗೇ ಪೂರ್ತಿ ತೆರೆಯುವುದಿಲ್ಲ. ಚಿತ್ರದಲ್ಲಿ ಕಪ್ಪು ಪಟ್ಟಿ ಬೀಳುತ್ತದೆ. ಅದನ್ನು ತಪ್ಪಿಸುವ ‘ಹೈಸ್ಪೀಡ್ ಸಿಂಕ್’ ಫ್ಲ್ಯಾಶಿನಲ್ಲಿಯೂ ಟ್ರಿಗರಿನಲ್ಲಿಯೂ ಇರಬೇಕು.

ಮೂರನೆಯದಾಗಿ, ಪೆಟ್ಟಿಗೆಯ ಮೇಲಿನ ಅಂಕೆಗಳಿಗೆ ಮರುಳಾಗಬಾರದು. ಬಲವನ್ನು ಸೂಚಿಸುವ ಗೈಡ್ ನಂಬರನ್ನು ಕೆಲವರು ೩೫ ಮಿಲಿಮೀಟರಿನ ಜೂಮಿಗೂ ಕೆಲವರು ೨೦೦ ಮಿಲಿಮೀಟರಿನ ಜೂಮಿಗೂ ಹೇಳುತ್ತಾರೆ. ಸೇರನ್ನೂ ಪಾವನ್ನೂ ಒಂದೇ ಎಂದು ಅಳೆದಂತಾದೀತು. ನೂರು ಮೀಟರಿನವರೆಗೆ ಕರೆ ಮುಟ್ಟುವುದೆಂಬ ಮಾತು ಬಯಲಿನ ಮಾತು, ಕಲ್ಲುಮನೆಯದಲ್ಲ. ದೂರ ಇಮ್ಮಡಿಯಾದರೆ ಬೆಳಕು ನಾಲ್ಕನೆಯ ಒಂದು ಪಾಲಿಗೆ ಇಳಿಯುವುದು ಪ್ರಕೃತಿನಿಯಮ. ಆದುದರಿಂದ ಭಾರಿ ಬಲದ ಒಂದು ದೀಪಕ್ಕಿಂತ, ಹತ್ತಿರದಲ್ಲಿ ಇರಿಸಬಹುದಾದ ಸಾಧಾರಣ ಬಲದ ಎರಡು ದೀಪಗಳು ಮನೆಯೊಳಗೆ ಹೆಚ್ಚು ಉಪಕಾರಿ.

ನಾಲ್ಕನೆಯದು ಬ್ಯಾಟರಿಯ ವಿಚಾರ. ಲಿಥಿಯಮ್ ಬ್ಯಾಟರಿಯ ದೀಪ ಬೇಗ ಸಿದ್ಧವಾಗುತ್ತದೆ, ಬಹುಕಾಲ ನಡೆಯುತ್ತದೆ. ಆದರೆ ಅದು ಬರಿದಾದರೆ ಹಳ್ಳಿಯ ಅಂಗಡಿಯಲ್ಲಿ ಅಂತಹುದು ದೊರೆಯದು. ನಾಲ್ಕು ಪೆನ್ಸಿಲ್ ಸೆಲ್ಲುಗಳ ದೀಪ ತುಸು ನಿಧಾನ, ಸೆಲ್ಲುಗಳು ಮಾತ್ರ ಎಲ್ಲೆಲ್ಲಿಯೂ ಲಭ್ಯ. ಯಾವುದಾದರೂ ಆಗಲಿ, ಒಂದು ಜೊತೆ ಹೆಚ್ಚಾಗಿ ಇರಲಿ. ಟ್ರಿಗರಿನ ಸೆಲ್ಲನ್ನು ಮರೆಯದಿರಿ. ನಮ್ಮ ಸೀಮೆಯ ಬೇಸಗೆ ನಲವತ್ತು ಡಿಗ್ರಿಯನ್ನು ಮೀರುವುದರಿಂದ ಇವನ್ನು ಬಿಸಿಲಿನಲ್ಲಿ ನಿಂತ ವಾಹನದೊಳಗೆ ಬಿಡುವುದು ಸಲ್ಲದು. ತಂದೆಯ ಕಾಲದ ಫ್ಲ್ಯಾಶನ್ನು ಪರೀಕ್ಷಿಸದೆ ಹೊಸ ಕ್ಯಾಮರಾದ ಮೇಲೆ ಕೂರಿಸುವುದೂ ಬೇಡ. ಹಳೆಯ ಕೆಲವು ದೀಪಗಳ ವಿದ್ಯುತ್ತಿನ ಒತ್ತಡವು ಡಿಜಿಟಲ್ ಕ್ಯಾಮರಾವನ್ನು ಕೆಡಿಸಬಲ್ಲದು.

ಕೊನೆಯದಾಗಿ, ಪರೀಕ್ಷೆ. ಅಂಗಡಿಗೆ ನಿಮ್ಮ ಕ್ಯಾಮರಾವನ್ನೇ ಒಯ್ಯಿರಿ. ಫ್ಲ್ಯಾಶನ್ನು ಪಕ್ಕದ ಕೋಣೆಯಲ್ಲಿರಿಸಿ, ಬಾಗಿಲು ಮುಚ್ಚಿಸಿ, ಇಪ್ಪತ್ತು ಬಾರಿ ಕರೆಯಿರಿ. ಹತ್ತೊಂಬತ್ತು ಬಾರಿ ಮಿಂಚಿದರೆ ಕೊಳ್ಳಬೇಡಿರಿ. ಆ ಒಂದು ಬಾರಿಯೇ ಅಕ್ಷತೆಯ ಕ್ಷಣವಾಗಿ ಬಂದೀತು. ಬಿಲ್ಲನ್ನೂ ಗ್ಯಾರಂಟಿ ಚೀಟಿಯನ್ನೂ ಪಡೆಯಿರಿ. ಮದುವೆಮನೆಯಲ್ಲಿ ಮತ್ತೊಬ್ಬ ಫೊಟೋದವನಿದ್ದರೆ ಮುಂಚೆಯೇ ಮಾತಾಡಿ, ಇಬ್ಬರೂ ಬೇರೆಬೇರೆ ಚಾನೆಲನ್ನು ಇಟ್ಟುಕೊಳ್ಳಿರಿ.

ದಂಡೋತಿಯ ಆ ತರುಣನು ಬಳಿಕ ರೇಡಿಯೋ ಕರೆಯ ಎರಡು ಸಾಧಾರಣ ದೀಪಗಳನ್ನು ಕೊಂಡನು. ಅದೇ ಮನೆಯ ತೊಟ್ಟಿಲಶಾಸ್ತ್ರಕ್ಕೆ ಅವನನ್ನೇ ಕರೆಸಿದರು. ಅದೇ ಒಳಕೋಣೆಯಲ್ಲಿ ದೀಪವು ಪ್ರತಿ ಕರೆಗೂ ಓಗೊಟ್ಟಿತು. ಕೂಸಿನ ಮುಖ ಬೆಳಗಿತು. ಅಜ್ಜಿಯ ಮುಖವೊಂದನ್ನು ಮಾತ್ರ ಯಾವ ದೀಪವೂ ತಂದುಕೊಡಲಾರದು. ಆದುದರಿಂದ, ಗೃಹಸ್ಥರೇ, ಫೊಟೋದವನನ್ನು ಗೊತ್ತುಮಾಡುವಾಗಲಿ, ಮಗನಿಗೆ ಸಲಕರಣೆ ಕೊಡಿಸುವಾಗಲಿ, ದೀಪದ ಬಲವನ್ನು ಕೇಳುವ ಮೊದಲು ಗೋಡೆಯಾಚೆ ನಿಂತು ಕರೆದರೆ ಅದು ಓಗೊಡುವುದೇ ಎಂದು ಕೇಳಿರಿ. ನಮ್ಮ ಬಿನ್ನಹ ಇಷ್ಟೇ.