ಮನೆಗೆ ಮರಳಿದ ಮೇಲೆ

‘ಫಾದರ್, ನೆರೆಯವರಿಗೆ ಟೈಫಾಯ್ಡ್ ಎಂದೇ ಹೇಳಿದ್ದೇವೆ’ ಎಂದು ತಾಯಿಯೊಬ್ಬರು ಒಮ್ಮೆ ನಮ್ಮೆದುರು ಕಣ್ಣೀರಿಟ್ಟರು. ಮಾನಸಿಕ ಕಾಯಿಲೆಗೆ ಚಿಕಿತ್ಸೆ ಪಡೆದು, ಗುಣಮುಖಳಾಗಿ ಮನೆಗೆ ಮರಳಿದ್ದ ಮಗಳ ವಿಷಯ ಅದು. ರೋಗ ವಾಸಿಯಾಗಿತ್ತು, ಭಯ ವಾಸಿಯಾಗಿರಲಿಲ್ಲ.

ಈ ಭಯ ನಮ್ಮಲ್ಲಿ ಬೆಳೆದುದಾದರೂ ಹೇಗೆ? ಮನರಂಜನೆಯ ಲೋಕವು ಮನೋರೋಗಿಗೆ ಬಹುಕಾಲ ಕೊಟ್ಟುದು ಎರಡೇ ಪಾತ್ರ: ನಗಿಸುವ ಹುಚ್ಚ, ಇಲ್ಲವೆ ಕೊಲ್ಲುವ ಹುಚ್ಚ. ಯುವಜನರ ಕಂಪ್ಯೂಟರ್ ಆಟಗಳೂ ಇದಕ್ಕೆ ಹೊರತಲ್ಲ. 2013ರ ‘ಔಟ್‌ಲಾಸ್ಟ್’ ಆಟ ನಡೆಯುವುದೇ ಒಂದು ಮಾನಸಿಕ ಆಸ್ಪತ್ರೆಯಲ್ಲಿ. ಆಟಗಾರನನ್ನು ಅಟ್ಟಿಸಿಕೊಂಡು ಬರುವವರು ಅಲ್ಲಿಯ ರೋಗಿಗಳು.

ಆದರೆ ಅದೇ ಮಾಧ್ಯಮದಲ್ಲಿ ಬೇರೊಂದು ದಾರಿಯೂ ಉಂಟು. ಇಂಗ್ಲೆಂಡಿನ ನಿಂಜಾ ಥಿಯರಿ ಸಂಸ್ಥೆ 2017ರಲ್ಲಿ ಹೊರತಂದ ‘ಹೆಲ್‌ಬ್ಲೇಡ್’ ಆಟದ ನಾಯಕಿ ಸೆನುವಾಳಿಗೆ ಇಲ್ಲದ ಧ್ವನಿಗಳು ಕೇಳಿಸುತ್ತವೆ. ತಯಾರಕರು ಕೇಂಬ್ರಿಜ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಪಾಲ್ ಫ್ಲೆಚರ್ ಅವರೊಡನೆ ಮಾತ್ರವಲ್ಲ, ಅಂತಹ ಧ್ವನಿಗಳನ್ನು ಸ್ವತಃ ಕೇಳಿದವರೊಡನೆಯೂ ಸಮಾಲೋಚಿಸಿದರು. ಹೆಡ್‌ಫೋನ್ ಧರಿಸಿದ ಆಟಗಾರನಿಗೆ ಆ ಪಿಸುಮಾತುಗಳು ಎಡದಿಂದ, ಬಲದಿಂದ, ಬೆನ್ನ ಹಿಂದಿನಿಂದ ಕೇಳುತ್ತವೆ. ಅವನು ಸೆನುವಾಳಿಂದ ಓಡುವುದಿಲ್ಲ, ಅವಳೊಡನೆ ನಡೆಯುತ್ತಾನೆ.

ನಮ್ಮ ಚಲನಚಿತ್ರಗಳತ್ತ ನೋಡೋಣ. 2004ರ ‘ಆಪ್ತಮಿತ್ರ’ವು ದೆವ್ವದ ಕಾಟವೆಂದು ತೋರಿದ್ದನ್ನು ಮನೋವೈದ್ಯನ ಕೈಗೆ ಒಪ್ಪಿಸಿತು, ಅದು ಮೆಚ್ಚತಕ್ಕ ಸಂಗತಿ. ಆದರೆ ಅಲ್ಲಿ ಗಂಗಾ ಗುಣ ಹೊಂದುವುದು ಒಂದು ರಾತ್ರಿಯ ನಾಟಕೀಯ ಉಪಾಯದಿಂದ. ನಿಜಜೀವನದಲ್ಲಿ ಬೇಕಾದುದು ಔಷಧ, ಆಪ್ತಸಮಾಲೋಚನೆ, ತಿಂಗಳುಗಟ್ಟಲೆಯ ತಾಳ್ಮೆ.

ಇವೆಲ್ಲಕ್ಕಿಂತ ಆಳಕ್ಕೆ ಇಳಿದುದು ತ್ರಿವೇಣಿಯವರ ಕಾದಂಬರಿ ‘ಶರಪಂಜರ’. ಎಪ್ಪತ್ತರ ದಶಕದ ಆರಂಭದಲ್ಲಿ ಪುಟ್ಟಣ್ಣ ಕಣಗಾಲರು ಅದನ್ನು ತೆರೆಗೆ ತಂದಾಗ ಕಲ್ಪನಾ ಅವರು ಕಾವೇರಿಯಾದರು. ಹೆರಿಗೆಯ ನಂತರ ಮನಸ್ಸಿನ ಸಮತೋಲ ಕಳೆದುಕೊಂಡ ಕಾವೇರಿಯನ್ನು ಆಸ್ಪತ್ರೆ ಗುಣಪಡಿಸುತ್ತದೆ; ಮನೆ ಮತ್ತೆ ಕೆಡವುತ್ತದೆ. ಗಂಡನ ಉಪೇಕ್ಷೆ, ನೆರೆಹೊರೆಯವರ ಸಂಶಯದ ನೋಟಗಳೇ ಅವಳನ್ನು ಸುತ್ತಿದ ಶರಪಂಜರ.

ತತ್ತ್ವಶಾಸ್ತ್ರವು ವಸ್ತುವಿನ ಸತ್ತ್ವವನ್ನೂ ಅದಕ್ಕೆ ಒದಗುವ ಸ್ಥಿತಿಗಳನ್ನೂ ಬೇರ್ಪಡಿಸಿ ನೋಡಲು ಕಲಿಸುತ್ತದೆ. ರೋಗವು ಮನುಷ್ಯನಿಗೆ ಒದಗುವ ಸ್ಥಿತಿಯೇ ಹೊರತು ಮನುಷ್ಯನಲ್ಲ. ಸಕ್ಕರೆ ಕಾಯಿಲೆಯವರ ವಿಷಯದಲ್ಲಿ ಇದನ್ನು ಸುಲಭವಾಗಿ ಒಪ್ಪುವ ನಾವು, ಮನೋರೋಗದ ವಿಷಯದಲ್ಲಿ ಏಕೆ ಮರೆಯುತ್ತೇವೆ?

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯಲ್ಲಿ ವಯಸ್ಕರ ಪೈಕಿ ಶೇಕಡಾ 10.6ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಕಂಡುಬಂತು. ಅಂದರೆ ಇದು ಪಕ್ಕದ ಮನೆಯ ಮಾತಲ್ಲ, ನಮ್ಮ ಮನೆಗಳ ಮಾತು. ಹೆಚ್ಚಿನವರು ಚಿಕಿತ್ಸೆಯಿಂದ ದೂರವೇ ಉಳಿದಿದ್ದರು. ಕೇಂದ್ರ ಸರಕಾರವು 2022ರಲ್ಲಿ ಆರಂಭಿಸಿದ ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ 14416, ಕರೆ ಉಚಿತ.

ಹೆತ್ತವರಲ್ಲಿ ನಮ್ಮದೊಂದು ವಿನಂತಿ. ಮಕ್ಕಳು ಇಂತಹ ಆಟ ಆಡುವಾಗ, ಚಿತ್ರ ನೋಡುವಾಗ ಪಕ್ಕದಲ್ಲಿ ಕುಳಿತು ಒಂದು ಪ್ರಶ್ನೆ ಕೇಳಿರಿ: ‘ಈತ ಗುಣವಾಗಿ ಮನೆಗೆ ಬಂದರೆ ಅವನ ಪಕ್ಕದಲ್ಲಿ ಊಟಕ್ಕೆ ಕೂರುವಿರಾ?’ ಮಕ್ಕಳು ಉತ್ತರಿಸುವ ಮುನ್ನ ನಾವೂ ಉತ್ತರಿಸಿಕೊಳ್ಳೋಣ. ಆ ತಾಯಿಗೆ ಟೈಫಾಯ್ಡಿನ ಸುಳ್ಳು ಬೇಕಾದುದು ನಮ್ಮಂಥವರ ನೋಟಕ್ಕೆ ಅಂಜಿಯೇ ಅಲ್ಲವೆ?