ಜೋಡೆತ್ತು ಕಟ್ಟುವವರಿಗೆ ನಾಲ್ಕು ತಾಲ್ಲೂಕಿನ ಪಾಠ

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಈ ಗಾದೆಯನ್ನು ನಮ್ಮ ಮಂಡ್ಯ ಜಿಲ್ಲೆಯ ರೈತನಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ನೊಗಕ್ಕೆ ಕಟ್ಟುವ ಮುನ್ನ ಆತ ಎರಡೂ ಎತ್ತಿನ ನಡಿಗೆ ನೋಡುತ್ತಾನೆ. ಒಂದು ಬಿರುಸು, ಇನ್ನೊಂದು ನಿಧಾನ ಅಂತಾದರೆ ಬಿರುಸಿನದನ್ನು ಮಾರಿಬಿಡುವುದಿಲ್ಲ, ನಿಧಾನದ್ದನ್ನು ಹೊಡೆದು ಸಾಯಿಸುವುದೂ ಇಲ್ಲ. ಎರಡನ್ನೂ ಪಳಗಿಸಿ ಒಂದೇ ಸಾಲಿನಲ್ಲಿ ನಡೆಸುತ್ತಾನೆ. ಈ ಸಣ್ಣ ವಿದ್ಯೆ ನಮ್ಮ ರಾಜಕೀಯ ಪಕ್ಷಗಳಿಗೆ ಮಾತ್ರ ಇನ್ನೂ ಪೂರಾ ಹತ್ತಿಲ್ಲ ಅನ್ನುವುದೇ ಸೋಜಿಗ.

ಕಾಂಗ್ರೆಸ್ಸಿನ ಹಳೆಯ ಗುರುತೇ ನೊಗ ಹೊತ್ತ ಜೋಡೆತ್ತು. 1969ರಲ್ಲಿ ಪಕ್ಷ ಒಡೆದಾಗ ಆ ಗುರುತೂ ಹೋಯಿತು. ಐವತ್ತು ವರ್ಷದ ಮೇಲೆ, 2019ರ ಲೋಕಸಭಾ ಚುನಾವಣೆಯಲ್ಲಿ, ಜೋಡೆತ್ತು ಎಂಬ ಮಾತು ಮಂಡ್ಯದ ಬೀದಿಗೆ ಮತ್ತೆ ಬಂತು. ಆಗ ಅದು ಪಕ್ಷದ ಗುರುತಲ್ಲ, ಪ್ರಚಾರಕ್ಕೆ ಬಂದ ಇಬ್ಬರು ಚಿತ್ರನಟರ ಹೆಸರಾಗಿತ್ತು. ಕಾಲ ಹೇಗೆ ಬದಲಾಯಿತು ನೋಡಿ!

ಈಗ ವಿಷಯಕ್ಕೆ ಬರೋಣ. ಯಾವ ಪಕ್ಷವೇ ಆಗಲಿ, ಒಳಗೆ ಎರಡು ಬಗೆಯ ಜನ ಇರುತ್ತಾರೆ. ಒಬ್ಬರು ಮಿತವಾದಿಗಳು. "ಊರಿನವರನ್ನೆಲ್ಲ ಎದುರು ಹಾಕ್ಕೊಂಡು ವೋಟು ಕೇಳಕ್ಕಾಗುತ್ತಾ? ಸ್ವಲ್ಪ ಸ್ವಲ್ಪವೇ ಮಾಡಿಸ್ಕೊಳ್ಳೋಣ" ಅನ್ನುವವರು. ಇನ್ನೊಬ್ಬರು ಪ್ರಗತಿಪರರು. "ಹಿಂಗೇ ಸ್ವಲ್ಪ ಸ್ವಲ್ಪ ಅಂತ ನಮ್ಮಪ್ಪನ ಕಾಲ ಕಳೀತು, ನಮ್ಮ ಕಾಲಾನೂ ಕಳೀತಾ ಐತೆ" ಅನ್ನುವವರು. ಮೊದಲನೆಯವರಿಲ್ಲದೆ ಚುನಾವಣೆ ಗೆಲ್ಲುವುದು ಕಷ್ಟ. ಎರಡನೆಯವರಿಲ್ಲದೆ ಗೆದ್ದರೆ, ಯಾಕೆ ಗೆದ್ದೆವು ಅನ್ನುವುದೇ ಮರೆತುಹೋಗುತ್ತದೆ.

ಹಳೆಯ ಕಥೆ

ಜಿಲ್ಲೆಗೆ ಇದು ಹೊಸತಲ್ಲ. ಎಸ್.ಎಂ. ಕೃಷ್ಣ ಅವರು 1962ರಲ್ಲಿ ಮದ್ದೂರಿನಿಂದ ಪಕ್ಷೇತರರಾಗಿ ಗೆದ್ದು ವಿಧಾನಸಭೆಗೆ ಹೋದವರು. 1968ರ ಉಪಚುನಾವಣೆಯಲ್ಲಿ ಮಂಡ್ಯದಿಂದ ಲೋಕಸಭೆಗೆ ಹೋದದ್ದು ಪ್ರಜಾ ಸೋಷಲಿಸ್ಟ್ ಪಕ್ಷದಿಂದ. 1971ರಲ್ಲಿ ಅದೇ ಕ್ಷೇತ್ರ ಗೆದ್ದದ್ದು ಇಂದಿರಾ ಕಾಂಗ್ರೆಸ್ಸಿನಿಂದ. ಸಮಾಜವಾದಿ ಮನೆಯ ಹುಡುಗರನ್ನು ಕರೆದು ಒಳಗೆ ಕೂರಿಸಿಕೊಳ್ಳುವುದು ಕಾಂಗ್ರೆಸ್ಸಿಗೆ ಆಗ ಗೊತ್ತಿತ್ತು.

1972ರಲ್ಲಿ ದೇವರಾಜ ಅರಸರ ಮುಂದಾಳತ್ವದಲ್ಲಿ ಆ ಪಕ್ಷ ರಾಜ್ಯದ 216 ಸ್ಥಾನಗಳಲ್ಲಿ 165 ಗೆದ್ದಿತು. ಅರಸರ ಜಾಣತನ ಎಲ್ಲಿತ್ತು ಅಂದರೆ, ಟಿಕೆಟ್ ಹಂಚುವಾಗಲೇ ಅವರು ಲೆಕ್ಕ ಹಾಕಿದ್ದರು. ಅದುವರೆಗೆ ವಿಧಾನಸಭೆಯ ಮೆಟ್ಟಿಲು ಹತ್ತದ ಜಾತಿಗಳ ಜನಕ್ಕೆ ಜಾಗ ಕೊಟ್ಟರು. ಹಳೆಯ ಭೂಮಾಲೀಕ ಕುಳಗಳನ್ನು ಒಂದೇ ಸಲ ಹೊರಗೆ ದಬ್ಬಲಿಲ್ಲ. ಗೆದ್ದ ಮೇಲೆ 1974ರ ಭೂಸುಧಾರಣೆ ತಿದ್ದುಪಡಿ ಬಂತು. ಉಳುವವನೇ ಹೊಲದೊಡೆಯ ಅನ್ನುವುದು ಭಾಷಣದಿಂದ ಪಹಣಿಗೆ ಇಳಿಯಿತು. ಬಿರುಸಿನವರು ಕೇಳಿದ್ದು ಕೈಗೂಡಿತು. ನಿಧಾನದವರು ಗೊಣಗಿದರೂ ನೊಗ ಬಿಟ್ಟು ಓಡಲಿಲ್ಲ, ಯಾಕೆಂದರೆ ಗದ್ದುಗೆ ಇತ್ತು. ಕೊನೆಗೆ ನೊಗ ಮುರಿದದ್ದು 1979ರಲ್ಲಿ, ಅದೂ ಇಂದಿರಾ ಗಾಂಧಿ ಮತ್ತು ಅರಸರ ನಡುವೆ, ದೆಹಲಿ ಮಟ್ಟದಲ್ಲಿ.

ಮುಂದೆ 1980ರ ಜುಲೈನಲ್ಲಿ ನರಗುಂದ, ನವಲಗುಂದದಲ್ಲಿ ರೈತರ ಮೇಲೆ ಗುಂಡು ಹಾರಿತು. ರಾಜ್ಯ ರೈತ ಸಂಘ ಹುಟ್ಟಿತು. ಹಸಿರು ಶಾಲು ಹೆಗಲಿಗೆ ಬಂತು. 1983ರಲ್ಲಿ ಗುಂಡೂರಾಯರ ಸರ್ಕಾರ ಬಿದ್ದು, 95 ಸ್ಥಾನದ ಜನತಾ ಪಕ್ಷ, ಬಲಗಡೆಯಿಂದ ಬಿಜೆಪಿ ಮತ್ತು ಎಡಗಡೆಯಿಂದ ಕಮ್ಯುನಿಸ್ಟರು ಹೊರಗಿನಿಂದ ಕೊಟ್ಟ ಬೆಂಬಲದಲ್ಲಿ ಹೆಗಡೆ ಸರ್ಕಾರ ಮಾಡಿತು. ಎಡವೂ ಬಲವೂ ಸೇರಿ ಒಬ್ಬ ಮಿತವಾದಿಯನ್ನು ಹೊತ್ತ ಆ ಸರ್ಕಾರದ ಪಕ್ಷಕ್ಕೆ 1985ರಲ್ಲಿ ಜನ 139 ಸ್ಥಾನ ಕೊಟ್ಟರು.

ಪಾಂಡವಪುರ: ಧರಣಿಯೋ, ಸದನವೋ?

ಈ ಪ್ರಶ್ನೆ ನಿಜವಾಗಿ ಕುದಿದದ್ದು ಪಾಂಡವಪುರದಲ್ಲಿ. ಕ್ಯಾತನಹಳ್ಳಿಯ ಕೆ.ಎಸ್. ಪುಟ್ಟಣ್ಣಯ್ಯ 1994ರಲ್ಲಿ ರೈತ ಸಂಘದಿಂದ ನಿಂತು ಗೆದ್ದರು. ಆದರೆ ಸಂಘದ ಒಳಗೇ ತಕರಾರು ಇತ್ತು. ವಿಧಾನಸೌಧದ ಮುಂದೆ ಕೂರಬೇಕಾ, ವಿಧಾನಸೌಧದ ಒಳಗೆ ಕೂರಬೇಕಾ? ಒಳಗೆ ಹೋದವನು ನಮ್ಮವನಾಗಿ ಉಳಿಯುತ್ತಾನಾ? ಪ್ರೊ. ಎಂ.ಡಿ. ನಂಜುಂಡಸ್ವಾಮಿ ಅವರ ದಾರಿ ಒಂದು, ಪುಟ್ಟಣ್ಣಯ್ಯನವರ ದಾರಿ ಇನ್ನೊಂದು ಆಗಿ ಸಂಘ ಒಡೆಯಿತು. ಹಸಿರು ಶಾಲಿನ ಬಣ್ಣ ಒಂದೇ, ಬಣ ಮಾತ್ರ ಹಲವು.

2005ರಲ್ಲಿ ಸರ್ವೋದಯ ಕರ್ನಾಟಕ ಪಕ್ಷ ಹುಟ್ಟಿದ್ದು ಈ ಒಡಕಿಗೆ ಮದ್ದು ಹುಡುಕುವ ಪ್ರಯತ್ನ. ಸಾಹಿತಿ ದೇವನೂರ ಮಹಾದೇವ ಅವರಂಥವರು ದಲಿತ ಸಂಘಟನೆ ಮತ್ತು ರೈತ ಸಂಘಟನೆಯನ್ನು ಒಂದೇ ಚಾವಡಿಗೆ ತರಲು ಹೊರಟರು. ಹೇಳಲು ಸುಲಭ. ಆದರೆ ಹಳ್ಳಿಯಲ್ಲಿ ಕಬ್ಬಿಗೆ ಬೆಲೆ ಕೇಳುವ ರೈತನ ಗದ್ದೆಯಲ್ಲೇ ಕೂಲಿ ಹೆಚ್ಚು ಮಾಡಿ ಅಂತ ಕೇಳುವ ಆಳು ಇರುತ್ತಾನೆ. ಇವರಿಬ್ಬರೂ ಒಂದೇ ಗುರುತಿಗೆ ವೋಟು ಒತ್ತಬೇಕಾದರೆ ಭಾಷಣ ಸಾಲದು. ಒಬ್ಬರ ಮನೆಯ ಕಷ್ಟಕ್ಕೆ ಇನ್ನೊಬ್ಬರು ಬಂದು ನಿಲ್ಲಬೇಕು.

ಪಾಂಡವಪುರ ಕ್ಷೇತ್ರ 2008ಕ್ಕೆ ಮೇಲುಕೋಟೆ ಆಯಿತು. ಆ ವರ್ಷ ಗೆದ್ದದ್ದು ಜೆಡಿಎಸ್‌ನ ಸಿ.ಎಸ್. ಪುಟ್ಟರಾಜು. 2013ರಲ್ಲಿ ಪುಟ್ಟಣ್ಣಯ್ಯ ಮತ್ತೆ ಗೆದ್ದರು. 2018ರ ಫೆಬ್ರವರಿಯಲ್ಲಿ ಕಬಡ್ಡಿ ಪಂದ್ಯ ನೋಡುತ್ತಿದ್ದಾಗಲೇ ಹೃದಯಾಘಾತವಾಗಿ ತೀರಿಕೊಂಡರು. ಕೆಲವೇ ತಿಂಗಳಲ್ಲಿ ಚುನಾವಣೆ. ಮಗ ದರ್ಶನ್ ಅಮೆರಿಕದಿಂದ ಬಂದು ನಿಂತರು. ಕಾಂಗ್ರೆಸ್ ಅಭ್ಯರ್ಥಿ ಹಾಕದೆ ಬೆಂಬಲ ಕೊಟ್ಟಿತು. ಆದರೂ ಸೋತರು. 2023ರಲ್ಲಿ ಮತ್ತೆ ಅದೇ ಹೊಂದಾಣಿಕೆ. ಈ ಸಲ ಹತ್ತು ಸಾವಿರಕ್ಕೂ ಮಿಕ್ಕಿ ಅಂತರದಲ್ಲಿ ಗೆದ್ದರು.

ಎರಡೂ ಸಲ ಅದೇ ಅಭ್ಯರ್ಥಿ, ಅದೇ ಬೆಂಬಲ, ಅದೇ ಎದುರಾಳಿ. ಮತ್ತೆ ವ್ಯತ್ಯಾಸ ಏನು? 2018ರಲ್ಲಿ ಜಿಲ್ಲೆಯ ಏಳೂ ಸ್ಥಾನ ಜೆಡಿಎಸ್ ಬಾಚಿಕೊಂಡಿತ್ತು, ಆ ಪ್ರವಾಹದಲ್ಲಿ ಯಾರು ನಿಂತರೂ ಕಷ್ಟವೇ. ಇದು ಒಂದು. ಇನ್ನೊಂದು, ಮೇಲಿನ ನಾಯಕರು ಕೈಕುಲುಕಿದ ಮಾತ್ರಕ್ಕೆ ಕೆಳಗಿನ ಕಾರ್ಯಕರ್ತ ಕೈಕುಲುಕುವುದಿಲ್ಲ. ವರ್ಷಗಟ್ಟಲೆ ಹಸಿರು ಶಾಲಿನವರ ಎದುರು ಬೂತಿನಲ್ಲಿ ಕೂತ ಕಾಂಗ್ರೆಸ್ ಕಾರ್ಯಕರ್ತನಿಗೆ, ನಾಳೆಯಿಂದ ಅವರ ಚೀಟಿ ಹಂಚು ಅಂದರೆ ಸುಲಭವೇ? ಅವನಿಗೆ ಐದು ವರ್ಷ ಬೇಕಾಯಿತು. ಅಭ್ಯರ್ಥಿಗೂ ಊರೂರು ಸುತ್ತಲು ಅಷ್ಟೇ ವರ್ಷ ಸಿಕ್ಕಿತು.

ನಾಗಮಂಗಲ, ಶ್ರೀರಂಗಪಟ್ಟಣ: ನೊಗ ಬದಲಿಸಿದವರು

ನಾಗಮಂಗಲದ ಕಥೆಯೇ ಬೇರೆ. 2008ರಲ್ಲಿ ಸುರೇಶ್‌ಗೌಡರು ಕಾಂಗ್ರೆಸ್, ಚಲುವರಾಯಸ್ವಾಮಿಯವರು ಜೆಡಿಎಸ್. ಗೆದ್ದದ್ದು ಸುರೇಶ್‌ಗೌಡರು. 2013ರಲ್ಲಿ ಅದೇ ಜೋಡಿ, ಗೆದ್ದದ್ದು ಚಲುವರಾಯಸ್ವಾಮಿ. 2018ಕ್ಕೆ ನೋಡಿದರೆ ಸುರೇಶ್‌ಗೌಡರು ಜೆಡಿಎಸ್, ಚಲುವರಾಯಸ್ವಾಮಿ ಕಾಂಗ್ರೆಸ್! ಗೆದ್ದದ್ದು ಸುರೇಶ್‌ಗೌಡರು. 2023ರಲ್ಲಿ ಚಲುವರಾಯಸ್ವಾಮಿ, ಅದೂ ಐದು ಸಾವಿರಕ್ಕಿಂತ ಕಮ್ಮಿ ವೋಟಿನಲ್ಲಿ. ನಾಲ್ಕು ಚುನಾವಣೆ, ಇಬ್ಬರೇ ಜಟ್ಟಿಗಳು, ಮಧ್ಯೆ ಅಖಾಡದ ಮೂಲೆ ಮಾತ್ರ ಅದಲುಬದಲು.

ಶ್ರೀರಂಗಪಟ್ಟಣದಲ್ಲೂ ಹೆಚ್ಚುಕಮ್ಮಿ ಇದೇ. ರಮೇಶ ಬಂಡಿಸಿದ್ದೇಗೌಡರು 2008, 2013ರಲ್ಲಿ ಜೆಡಿಎಸ್‌ನಿಂದ ಗೆದ್ದರು. 2016ರ ರಾಜ್ಯಸಭಾ ಚುನಾವಣೆಯಲ್ಲಿ ಪಕ್ಷದ ವಿರುದ್ಧ ವೋಟು ಹಾಕಿದ ಶಾಸಕರ ಗುಂಪಿನಲ್ಲಿ ಇವರೂ ಇದ್ದರು, ಚಲುವರಾಯಸ್ವಾಮಿಯವರೂ ಇದ್ದರು. 2018ರಲ್ಲಿ ಕಾಂಗ್ರೆಸ್ಸಿಗೆ ಬಂದು ರವೀಂದ್ರ ಶ್ರೀಕಂಠಯ್ಯನವರ ಎದುರು ಸೋತರು. 2023ರಲ್ಲಿ ಅದೇ ಕಾಂಗ್ರೆಸ್ಸಿನಿಂದ ಗೆದ್ದರು.

ಇಲ್ಲಿ ಮಿತವಾದಿ ಯಾರು, ಪ್ರಗತಿಪರ ಯಾರು? ನಾಯಕರಲ್ಲಿ ಹುಡುಕಿದರೆ ಸಿಕ್ಕುವುದಿಲ್ಲ. ಕೆಳಗೆ ಹುಡುಕಿ. ಹೊಸಬ ಧುರೀಣರು ಬಂದಾಗ ಅವರ ಹಿಂದೆ ಬರುವುದು ಅವರದೇ ಪರಿವಾರ. ಹಳೆಯ ಕಾಂಗ್ರೆಸ್ಸಿಗ ಜಗಲಿಯಿಂದ ಎದ್ದು ಜಾಗ ಬಿಡಬೇಕು. ಆಗ ಅವನಿಗೆ ಸಮಾಧಾನ ಹೇಳಲು ಏನಾದರೂ ಬೇಕು. 2023ರಲ್ಲಿ ಸಿಕ್ಕಿದ್ದು ಗ್ಯಾರಂಟಿ ಕಾರ್ಡು. ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ, ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಪುಕ್ಕಟೆ ಪ್ರಯಾಣ. ಇದನ್ನು ಪ್ರಗತಿಪರನೂ ಹೆಮ್ಮೆಯಿಂದ ಹೇಳಬಹುದು, ಮಿತವಾದಿಯೂ ಅಂಜದೆ ಹೇಳಬಹುದು. ಇಬ್ಬರ ಬಾಯಲ್ಲೂ ಒಂದೇ ಮಾತು ಬಂದರೆ ಅರ್ಧ ಚುನಾವಣೆ ಗೆದ್ದಂತೆ.

ಕೆ.ಆರ್. ಪೇಟೆ: ಅರಳಿದ ಕಮಲ ಬಾಡಿದ್ದು

ಬಿಜೆಪಿಗೂ ಈ ತಲೆನೋವು ತಪ್ಪಿದ್ದಲ್ಲ. ಯಡಿಯೂರಪ್ಪನವರ ಹುಟ್ಟೂರು ಬೂಕನಕೆರೆ ಇರುವುದು ಕೆ.ಆರ್. ಪೇಟೆ ತಾಲ್ಲೂಕಿನಲ್ಲೇ. ಆದರೂ ಜಿಲ್ಲೆಯಲ್ಲಿ ಆ ಪಕ್ಷಕ್ಕೆ ಮೊದಲ ಶಾಸಕ ಸ್ಥಾನ ಸಿಕ್ಕಿದ್ದು 2019ರ ಡಿಸೆಂಬರ್ ಉಪಚುನಾವಣೆಯಲ್ಲಿ. ಜೆಡಿಎಸ್ ಬಿಟ್ಟು ಬಂದ ಕೆ.ಸಿ. ನಾರಾಯಣಗೌಡರು ಗೆದ್ದರು. ಅವರ ಸ್ವಂತ ವೋಟು, ಮಣ್ಣಿನ ಮಗ ಮುಖ್ಯಮಂತ್ರಿ ಅನ್ನುವ ಅಭಿಮಾನ, ಎರಡೂ ಕೂಡಿದ್ದವು. ಅದು ಮೆತ್ತಗಿನ ಬಿಜೆಪಿ.

2023ರ ಹೊತ್ತಿಗೆ ಗಾಳಿ ಬೇರೆ ಆಯಿತು. ಟಿಪ್ಪುವನ್ನು ಕೊಂದವರು ಉರಿಗೌಡ, ನಂಜೇಗೌಡ ಎಂಬ ಇಬ್ಬರು ಒಕ್ಕಲಿಗರು ಅನ್ನುವ ಪ್ರಚಾರ ಎದ್ದಿತು. ಪಕ್ಷದ ಬಿರುಸಿನವರಿಗೆ ಇದರಿಂದ ಒಕ್ಕಲಿಗ ವೋಟು ಬರುತ್ತದೆ ಅನ್ನುವ ಲೆಕ್ಕ. ಮಾರ್ಚ್‌ನಲ್ಲಿ ಪ್ರಧಾನಿ ಮಂಡ್ಯಕ್ಕೆ ಬಂದಾಗ ಆ ಹೆಸರಿನ ಕಮಾನೂ ಎದ್ದು ವಿವಾದವಾಯಿತು. ಸಿನಿಮಾ ಮಾಡುತ್ತೇನೆ ಅಂತ ಸಚಿವ ಮುನಿರತ್ನ ಘೋಷಿಸಿದರು. ಕೊನೆಗೆ ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿ ಮಠದ ಸ್ವಾಮೀಜಿಯವರೇ ಆಧಾರವಿಲ್ಲದ್ದನ್ನು ಮುಂದುವರಿಸಬೇಡಿ ಅಂದ ಮೇಲೆ ಸಿನಿಮಾ ನಿಂತಿತು. ಆ ಚುನಾವಣೆಯಲ್ಲಿ ಜಿಲ್ಲೆಯ ಏಳರಲ್ಲಿ ಬಿಜೆಪಿಗೆ ಸೊನ್ನೆ. ಕೆ.ಆರ್. ಪೇಟೆ ಮತ್ತೆ ಜೆಡಿಎಸ್‌ಗೆ ಹೋಗಿ ಎಚ್.ಟಿ. ಮಂಜು ಶಾಸಕರಾದರು. ಯಾರನ್ನು ಒಲಿಸಬೇಕೋ ಅವರನ್ನು ಕೇಳದೆ ಅವರ ಹೆಸರಿನಲ್ಲಿ ಕಥೆ ಕಟ್ಟಿದರೆ ಹೀಗೇ ಆಗುತ್ತದೆ.

ಕಲಿಯಬೇಕಾದ್ದು

2019ರ ಲೋಕಸಭೆ ನೆನಪಿಸಿಕೊಳ್ಳಿ. ಕಾಂಗ್ರೆಸ್, ಜೆಡಿಎಸ್ ಎರಡೂ ಬೆಂಗಳೂರಿನಲ್ಲಿ ಒಂದೇ ಸರ್ಕಾರ, ಮಂಡ್ಯದಲ್ಲಿ ಒಂದೇ ಅಭ್ಯರ್ಥಿ. ಜಿಲ್ಲೆಯ ಏಳೂ ಶಾಸಕರು ಜೆಡಿಎಸ್. ಆದರೂ ಪಕ್ಷೇತರರಾಗಿ ನಿಂತ ಸುಮಲತಾ ಅಂಬರೀಶ್ 1,25,876 ವೋಟಿನಿಂದ ಗೆದ್ದರು. ಮೇಲೆ ಕಟ್ಟಿದ ನೊಗ ಕೆಳಗೆ ಬಿಚ್ಚಿಕೊಂಡರೆ ಗಾಡಿ ಹೊರಡುವುದಿಲ್ಲ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಇಷ್ಟೆಲ್ಲ ಲೆಕ್ಕ ಯಾಕೆ ಅಂದರೆ, ಗೆಲ್ಲುವವರು ಸೋಲುವವರು ಯಾರೇ ಆಗಲಿ, ಬಾಕಿ ಉಳಿಯುವುದು ರೈತನ ಕೆಲಸ. ಪಾಂಡವಪುರದ ಸಹಕಾರಿ ಸಕ್ಕರೆ ಕಾರ್ಖಾನೆ ವರ್ಷಗಟ್ಟಲೆ ಬಾಗಿಲು ಹಾಕಿ, 2020ರಲ್ಲಿ 40 ವರ್ಷದ ಗುತ್ತಿಗೆಗೆ ಖಾಸಗಿಯವರ ಕೈಗೆ ಹೋಯಿತು. ಷೇರು ಹಾಕಿದ ರೈತ ಈಗ ಬರೀ ಕಬ್ಬು ಹಾಕುವ ರೈತ. ಅದೇ ವರ್ಷ ಭೂಸುಧಾರಣೆ ಕಾಯಿದೆಯ 79ಎ, 79ಬಿ ಕಲಮುಗಳನ್ನು ಕಿತ್ತುಹಾಕಲಾಯಿತು. ಅರಸರ ಕಾಲದ ಬೇಲಿ ಸರಿದು, ಬೇಸಾಯಗಾರರಲ್ಲದವರೂ ಜಮೀನು ಕೊಳ್ಳಲು ದಾರಿಯಾಯಿತು. 2023ರ ಬರದಲ್ಲಿ ತಮಿಳುನಾಡಿಗೆ ನೀರು ಬಿಟ್ಟಾಗ ಹಸಿರು ಶಾಲಿನವರು ಮಂಡ್ಯದ ಬೀದಿಯಲ್ಲಿ ಧರಣಿ ಕೂತರು. ಆಗ ಅಧಿಕಾರದಲ್ಲಿದ್ದದ್ದು ಅವರದೇ ಅಭ್ಯರ್ಥಿಗೆ ಬೆಂಬಲ ಕೊಟ್ಟಿದ್ದ ಪಕ್ಷ. ಕೆಲವರಿಗೆ ಇದು ದ್ರೋಹ ಅನ್ನಿಸಿತು. ನಮ್ಮ ಪ್ರಕಾರ ಇದೇ ಸರಿಯಾದ ನಡೆ. ವೋಟು ಕೊಟ್ಟು ಗೆಲ್ಲಿಸುವುದು ಒಂದು ಕೆಲಸ, ಗೆದ್ದವರನ್ನು ಕೇಳುವುದು ಇನ್ನೊಂದು. ಮೊದಲನೆಯದಕ್ಕಾಗಿ ಎರಡನೆಯದನ್ನು ಮಾರಿಕೊಂಡರೆ ಅದು ಹೊಂದಾಣಿಕೆ ಅಲ್ಲ, ಶರಣಾಗತಿ.

ಪಕ್ಷ ಕಟ್ಟುವವರಿಗೆ ಮೂರೇ ಮಾತು. ಒಂದು, ಜಗಳ ಏನಿದ್ದರೂ ಟಿಕೆಟ್‌ಗೆ ಮುಂಚೆ ಆಡಿ ಮುಗಿಸಿ. ನಾಮಪತ್ರ ಹಾಕಿದ ಮೇಲೆ ಆಡುವ ಜಗಳ ಎದುರಾಳಿಗೆ ಕೊಡುವ ಉಂಬಳಿ. ಎರಡು, ಸಿದ್ಧಾಂತ ದೊಡ್ಡದಿರಲಿ, ಜನರ ಮುಂದೆ ಇಡುವ ಕೆಲಸ ಕೈಗೆ ಸಿಗುವಂಥದ್ದಾಗಿರಲಿ. ಮೂರು, ಬಿರುಸಿನ ಹುಡುಗರಿಗೆ ಪಳಗಲು ಜಾಗ ಕೊಡಿ. 1987ರಲ್ಲಿ ಜಿಲ್ಲಾ ಪರಿಷತ್ ಚುನಾವಣೆ ಬಂದಾಗ ಹಳ್ಳಿಯ ಎಷ್ಟೋ ಹುಡುಗರು ಅಲ್ಲೇ ರಾಜಕೀಯದ ಓನಾಮ ಕಲಿತರು. ಆದರೆ 2021ರಲ್ಲಿ ಅವಧಿ ಮುಗಿದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಿಗೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಬಿಜೆಪಿ ಸರ್ಕಾರ ಇದ್ದಾಗಲೂ ಇಲ್ಲ, ಕಾಂಗ್ರೆಸ್ ಬಂದ ಮೇಲೂ ಬೇಗ ಆಗಲಿಲ್ಲ. ಈ ವಿಷಯದಲ್ಲಿ ಮಾತ್ರ ಎಲ್ಲ ಪಕ್ಷದ ಮಿತವಾದಿಗಳೂ ಒಂದೇ!

ಕರುವನ್ನು ನೊಗಕ್ಕೆ ಪಳಗಿಸದೆ, ಎತ್ತಾದ ಮೇಲೆ ಏರಿಗೆ ಎಳೆಯಿತು ಅಂತ ಬೈದರೆ ಏನು ಬಂತು, ಹೇಳಿ?